ಪೂಜೆಯಾದ ಸಿಲಿಂಡರನ್ನು ಮುಟ್ಟಿದ ಶಾಮಲಾ

ಶಾಮಲಾ ಮಾಫಿ ಕೇಳಬೇಕಂತೆ.

ದಸರೆ ಮುಗಿದ ಮರುವಾರ ಆಕೆಯ ಗಂಡ ವೆಂಕಟೇಶರು ನಮ್ಮ ಬಾಗಿಲಿಗೆ ಬಂದು ಈ ಮಾತು ಹೇಳಿದಾಗ ನಾನು ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದೆ. ಯಾರಿಗೆ ಮಾಫಿ, ಯಾತಕ್ಕೆ ಮಾಫಿ ಎಂದು ಕೇಳಿದೆ. ನಮ್ಮ ಜನಕ್ಕೆಲ್ಲ ಹಿರಿಯರಾದ ಹಣಮಂತರಾಯರ ಮಗ ವಿಶ್ವಜಿತ್‌ಗೆ, ಹತ್ತು ಜನರ ಮುಂದೆ ಅವನ ಮರ್ಯಾದೆ ತೆಗೆದದ್ದಕ್ಕೆ ಎಂದರು. ಇಲ್ಲದಿದ್ದರೆ ನೀರಿನಡಿ ಮುಳುಗಲು ಅವಳಿಗೆ ಬೇಕಾದ ಕಾರ್ಡಿಗೆ ಅವನು ಒಪ್ಪಿಗೆ ಕೊಡುವುದಿಲ್ಲವಂತೆ, ಅವಳು ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲವಂತೆ. ನೀರಿನಡಿ ಉಸಿರು ಸಿಗದೆ ಸಾಯುತ್ತಿದ್ದ ಹುಡುಗಿಯೊಬ್ಬಳನ್ನು ನನ್ನ ಗೆಳತಿ ಜೀವಂತವಾಗಿ ಮೇಲಕ್ಕೆ ತಂದಿದ್ದಳು. ಆಕೆ ಮಾಡಿದ ತಪ್ಪು ಅಷ್ಟೇ. ಸೊಪ್ಪನ್ನು ಬುಟ್ಟಿಗೆ ಒಗೆದು ಎದ್ದು ನಿಂತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಹೈದರಾಬಾದಿನ ನಾರಾಯಣಗೂಡದಲ್ಲಿ ಎಲ್ಲರಿಗೂ ಗೊತ್ತು. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಾಗ ಹುಡುಗರು ‘ಕುಮುದಾ ಮೇಡಂ ಮೂಡು ಹೆಂಗೈತಿ’ ಎಂದು ಹೊರಗೇ ವಿಚಾರಿಸಿಕೊಂಡು ಒಳಗೆ ಬರುತ್ತಿದ್ದರು. ಆದರೆ ಆವತ್ತು ಬಂದದ್ದು ಆ ದಿನನಿತ್ಯದ ಸಿಟ್ಟಲ್ಲ. ಶಾಮಲಾ ಯಾರು, ಎಂಥವಳು ಎಂದು ಗೊತ್ತಿದ್ದವರಿಗೆ ಮಾತ್ರ ಅದು ಅರ್ಥವಾದೀತು. ಅದಕ್ಕೇ ಹೇಳುತ್ತಿದ್ದೇನೆ.

ಶಾಮಲಾ ಮತ್ತು ನಾನು ಒಂದೇ ಕಾಂಪೌಂಡು ಗೋಡೆಯ ಆಚೀಚೆಯವರು. ಆಕೆ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆ ಮಾಡುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಕಂಪನಿಯ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಬರುವಳು. ಮಧ್ಯದ ಹೊತ್ತು ಮಾತ್ರ ಮೈಯೆಲ್ಲ ಕಣ್ಣು. ಬೇರೆಯವರು ನೋಡಿದ್ದೇವೆ ಎಂದದ್ದನ್ನು ತಾನು ಇನ್ನೊಮ್ಮೆ ನೋಡುವುದೇ ಅವಳ ಕೆಲಸ. ಆ ಚಟ ಮನೆಗೂ ಬಂತು. ಮದುವೆಮನೆಯ ಅಡುಗೆಕೋಣೆಗೆ ಹೋಗಿ ಗ್ಯಾಸಿನ ಪೈಪು ಎಳೆದು ನೋಡುವಳು. ಆಟೋ ಹತ್ತುವ ಮೊದಲು ಟೈರಿನ ಕಡೆ ಬಗ್ಗುವಳು. ನಮ್ಮವರೆಲ್ಲ ಅವಳಿಗೆ ಇನ್‌ಸ್ಪೆಕ್ಟರ್ ಬಾಯಿ ಎಂದು ಹೆಸರಿಟ್ಟಿದ್ದರು. ಅವಳು ಅದಕ್ಕೆ ನಗುತ್ತಿದ್ದಳೇ ಹೊರತು ಪೈಪು ಎಳೆಯುವುದನ್ನು ಬಿಡಲಿಲ್ಲ.

ವೆಂಕಟೇಶರು ಇದಕ್ಕೆ ಪೂರಾ ಉಲ್ಟಾ. ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದರೂ, ಎಲ್ಲಿಗೇ ಹೊರಡಲಿ, ಅಲ್ಲಿ ‘ನಮ್ಮವರೊಬ್ಬರು’ ಇರಲೇಬೇಕು ಅವರಿಗೆ. ಇದು ಅವರೊಬ್ಬರ ರೋಗವಲ್ಲ, ಹೈದರಾಬಾದಿನ ನಮ್ಮ ಜನರದೆಲ್ಲ ಇದೇ ರೋಗ. ಅಜ್ಜಂದಿರು ನಿಜಾಮರ ಕಾಲಕ್ಕೆ ಕಲಬುರಗಿ, ರಾಯಚೂರಿನ ಕಡೆಯಿಂದ ನೌಕರಿಗೆಂದು ಬಂದವರು. ಬೇರೆ ಭಾಷೆಯ ಊರಿನಲ್ಲಿ ನಮ್ಮವರೊಬ್ಬರ ಕೈ ಹಿಡಿಯದೆ ಅವರಿಗೆ ಗತಿ ಇರಲಿಲ್ಲ, ಒಪ್ಪಿಕೊಳ್ಳೋಣ. ಈಗ ನಾವು ತರಕಾರಿಯವಳ ಹತ್ತಿರ ತೆಲುಗಿನಲ್ಲಿ ಚೌಕಾಶಿ ಮಾಡುತ್ತೇವೆ, ಆಟೋದವನ ಜೊತೆ ಹಿಂದಿಯಲ್ಲಿ ಜಗಳಾಡುತ್ತೇವೆ. ಆದರೂ ಆಸ್ಪತ್ರೆಗೆ ಹೋಗಬೇಕೆಂದರೆ ಅಲ್ಲಿ ನಮ್ಮವರೊಬ್ಬ ಡಾಕ್ಟರು ಬೇಕು, ತಿರುಪತಿಗೆ ಹೋಗಬೇಕೆಂದರೆ ಅಲ್ಲಿ ನಮ್ಮವರೊಬ್ಬ ಕಾರಕೂನ ಬೇಕು. ಸಿಕ್ಕ ಕೂಡಲೇ ನಮ್ಮ ಬುದ್ಧಿಯನ್ನು ಬಿಚ್ಚಿ ಅವರ ಕೈಗೆ ಕೊಟ್ಟುಬಿಡುತ್ತೇವೆ. ಆಮೇಲೆ ಅವರನ್ನು ಪ್ರಶ್ನೆ ಕೇಳುವುದು ಅವಮಾನ.

ಶಾಮಲಾಳಿಗೆ ನೀರಿನ ಹುಚ್ಚು ಹಿಡಿದದ್ದೂ ಒಂದು ಸಿಟ್ಟಿನಿಂದಲೇ. ನಿವೃತ್ತಿಗೆ ಸ್ವಲ್ಪ ಮೊದಲು ಗಂಡಹೆಂಡತಿ ಅಂಡಮಾನಿಗೆ ಹೋಗಿದ್ದರು. ಅಲ್ಲಿ ಈಜು ಬಾರದವರನ್ನೂ ಸಮುದ್ರದಡಿಗೆ ಕರೆದುಕೊಂಡು ಹೋಗುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಗೈಡ್ ಒಬ್ಬ ಹಿಂದಿನಿಂದ ಆ ಸಿಲಿಂಡರನ್ನೇ ಹಿಡಿದು, ಬೆಕ್ಕು ಮರಿಯನ್ನು ಒಯ್ದಂತೆ ಒಯ್ಯುತ್ತಾನೆ. ಮೀನಿನ ಮುಂದೆ ನಿಲ್ಲಿಸಿ ಫೋಟೋ ತೆಗೆದು ಮೇಲೆ ತಂದು ಬಿಡುತ್ತಾನೆ. ಎಲ್ಲರೂ ಖುಷಿಯಾಗಿ ಬರುತ್ತಾರೆ. ಇವಳು ಬುಸುಗುಡುತ್ತ ಬಂದಳು.

“ಸಾಮಾನಿನಂಗ ಒಯ್ದ, ಸಾಮಾನಿನಂಗ ತಂದ,” ಎಂದಳು ನನ್ನ ಹತ್ತಿರ. “ಎಷ್ಟು ಗಾಳಿ ಐತಿ, ಎಷ್ಟು ಆಳ ಬಂದೀವಿ, ಒಂದೂ ನನಗ ಗೊತ್ತಿಲ್ಲ. ಒಮ್ಮೆ ಸಮುದ್ರದ ತಳಕ್ಕ ನನ್ನ ಕಾಲಿಲೆ ಹೋಗಿ ನನ್ನ ಕಾಲಿಲೆ ಬರಬೇಕು ನೋಡು, ಕುಮುದಾ.”

ಐವತ್ತು ದಾಟಿದ ಹೆಂಗಸಿಗೆ ಇಂಥ ಆಸೆ ಹುಟ್ಟಿದರೆ ಜನ ಏನನ್ನುತ್ತಾರೋ ಅದನ್ನೆಲ್ಲ ಅಂದರು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಎಂದರು. ಅವಳು ನಿವೃತ್ತಳಾದದ್ದೇ ಈಜು ಕಲಿತಳು, ಹೊಟ್ಟೆತುಂಬ ಕ್ಲೋರಿನ್ ನೀರು ಕುಡಿದು ಕಲಿತಳು. ಆಮೇಲೆ ಸಿಲಿಂಡರು ಕಟ್ಟಿಕೊಂಡು ಮುಳುಗುವುದನ್ನು ಹೈದರಾಬಾದಿನಲ್ಲಿ ಯಾರು ಕಲಿಸುತ್ತಾರೆ ಎಂದು ಹುಡುಕಿದಾಗ ವೆಂಕಟೇಶರ ಮುಖ ಅರಳಿತು. ನಮ್ಮವರೊಬ್ಬರು ಇದ್ದರು! ಹಣಮಂತರಾಯರ ಮಗ ವಿಶ್ವಜಿತ್ ಗಚ್ಚಿಬೌಲಿಯ ದೊಡ್ಡ ಅಪಾರ್ಟ್‌ಮೆಂಟೊಂದರ ಈಜುಕೊಳದಲ್ಲಿ ತರಗತಿ ನಡೆಸುತ್ತಿದ್ದ. ಅವನು ಸರಿ ಎಂದರೆ ಒಂದು ಕಾರ್ಡು ಬರುತ್ತದೆ, ಆ ಕಾರ್ಡಿದ್ದರೆ ಯಾರೂ ಹಿಂದಿನಿಂದ ಹಿಡಿದುಕೊಳ್ಳದೆ ಸಮುದ್ರಕ್ಕೆ ಇಳಿಯಬಹುದು. ಶಾಮಲಾಳಿಗೆ ಬೇಕಾಗಿದ್ದದ್ದು ಆ ಕಾರ್ಡು.

ನ್ಯಾಯವಾಗಿ ಹೇಳಬೇಕೆಂದರೆ ಹುಡುಗ ಕೊಳದಲ್ಲಿ ಚೆನ್ನಾಗಿಯೇ ಕಲಿಸಿದ. ನೀರೊಳಗೆ ಮಾತಿಲ್ಲ, ಕೈಸನ್ನೆಯೇ ಎಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ ಸೊನ್ನೆ ಮಾಡಿದರೆ ಎಲ್ಲ ಸರಿ ಇದೆ ಎಂದರ್ಥ. ಗಂಟಲ ಮೇಲೆ ಕೈ ಅಡ್ಡ ಎಳೆದರೆ ಗಾಳಿ ಇಲ್ಲ ಎಂದರ್ಥ. ಇಬ್ಬಿಬ್ಬರು ಜೋಡಿಯಾಗಿ ಇಳಿಯಬೇಕು, ಇಳಿಯುವ ಮೊದಲು ಒಬ್ಬರ ಸಾಮಾನನ್ನು ಇನ್ನೊಬ್ಬರು ಪರೀಕ್ಷೆ ಮಾಡಬೇಕು. ಶಾಮಲಾಳಿಗೆ ಸಿಕ್ಕ ಜೋಡಿ ಮಂದಾರ, ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಲಿಂಗಸುಗೂರಿನ ಹುಡುಗಿ. ಅವಳಪ್ಪ ಅವಳನ್ನು ಹಣಮಂತರಾಯರ ಕೈಗೊಪ್ಪಿಸಿ ಊರಿಗೆ ಹೋಗಿದ್ದ. ರಾಯರು ಹೇಳಿದ ಹಾಸ್ಟೆಲ್ಲಿನಲ್ಲಿ ಇದ್ದಳು, ರಾಯರ ಮನೆಯ ಹಬ್ಬಕ್ಕೆ ಬರುತ್ತಿದ್ದಳು, ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು.

ಈಗ ಗಾಳಿಯ ಗೇಜಿನ ಮುಳ್ಳಿನ ವಿಚಾರ ಹೇಳಬೇಕು, ಇಡೀ ಜಗಳ ಅದರದ್ದೇ. ಸಿಲಿಂಡರಿನ ಕತ್ತಿನಲ್ಲಿ ಒಂದು ತಿರುಗಿಸುವ ವಾಲ್ವು ಇರುತ್ತದೆ. ಅಲ್ಲಿಂದ ಬಂದ ಒಂದು ನಳಿಗೆಯ ತುದಿಗೆ ಬಾಯಲ್ಲಿ ಕಚ್ಚಿಕೊಳ್ಳುವ ತುಂಡು, ಇನ್ನೊಂದರ ತುದಿಗೆ ಗಾಳಿ ಎಷ್ಟಿದೆ ಎಂದು ತೋರಿಸುವ ಗೇಜು. ವಾಲ್ವು ಪೂರ್ತಿ ತೆರೆದಿದ್ದರೆ ನೀವು ಉಸಿರೆಳೆದಾಗ ಗೇಜಿನ ಮುಳ್ಳು ಅಲ್ಲಾಡುವುದಿಲ್ಲ. ಕೊಂಚವೇ ತೆರೆದಿದ್ದರೆ ಪ್ರತಿ ಉಸಿರಿಗೂ ಮುಳ್ಳು ಇಳಿದು ಏರಿ ಕುಣಿಯುತ್ತದೆ. ದಡದಲ್ಲಿ ಉಸಿರು ಸರಿಯಾಗಿಯೇ ಬರುತ್ತದೆ, ಮೋಸ ಗೊತ್ತಾಗುವುದು ಆಳಕ್ಕೆ ಹೋದ ಮೇಲೆ. ಅದಕ್ಕೇ ಮುಳ್ಳಿನ ಮೇಲೆ ಕಣ್ಣಿಟ್ಟು ನಾಲ್ಕು ಉಸಿರು ಎಳೆದು ನೋಡಬೇಕು. ನಮ್ಮ ಇನ್‌ಸ್ಪೆಕ್ಟರ್ ಬಾಯಿಗೆ ಇದು ಅನ್ನ ಉಂಡಷ್ಟು ಸಲೀಸು.

ಕೊಳ ಮುಗಿದ ಮೇಲೆ ಆಳದ ನೀರು ಬೇಕಲ್ಲ. ಪಟಾನ್‌ಚೆರು ದಾಟಿ ಒಂದು ಹಳೆಯ ಕಲ್ಲಿನ ಕ್ವಾರಿ ಇದೆ, ಎರಡು ಮೂರು ಅಂತಸ್ತಿನಷ್ಟು ಆಳದ ಹಸಿರು ನೀರು. ಸಮುದ್ರಕ್ಕೆ ಮೊದಲು ಅಲ್ಲಿ ಇಳಿಯುವುದೆಂದು ಗೊತ್ತಾಯಿತು. ಹಣಮಂತರಾಯರು ಮುಹೂರ್ತ ಹುಡುಕಿದರು. ವಿಜಯದಶಮಿಗೆ ನಮ್ಮ ಕಡೆ ಸೀಮೋಲ್ಲಂಘನ ಎಂದು ಊರ ಗಡಿ ದಾಟಿ ಬನ್ನಿ ತರುತ್ತಾರಲ್ಲ, ಈ ಸಲದ ಸೀಮೋಲ್ಲಂಘನ ಕ್ವಾರಿಯಲ್ಲೇ ಎಂದರು. ಎಲ್ಲರೂ ಕೊಂಡಾಡಿದರು. ಹಿಂದಿನ ದಿನ ಖಂಡೇನವಮಿ. ಕತ್ತಿ, ಕೊಡಲಿ, ಹೊಲಿಗೆ ಯಂತ್ರ, ಸ್ಕೂಟರು ಇಟ್ಟು ಪೂಜೆ ಮಾಡುವ ದಿನ. ವಿಶ್ವಜಿತ್ ಎಲ್ಲರ ಸಾಮಾನು ಜೋಡಿಸಿ ತಂದೆಯ ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿದ. ರಾಯರು ಒಂದೊಂದು ಸಿಲಿಂಡರಿಗೂ ಕುಂಕುಮ ಹಚ್ಚಿ, ಅದರ ಕತ್ತಿಗೆ ಚೆಂಡುಹೂವಿನ ಹಾರ ಸುತ್ತಿದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಅಲ್ಲಿಯವರೆಗೂ ನನಗೆ ತಕರಾರಿಲ್ಲ, ನಾನೂ ನನ್ನ ಹೊಲಿಗೆ ಯಂತ್ರಕ್ಕೆ ಹೂವು ಏರಿಸಿದವಳೇ.

ಆದರೆ ಮರುದಿನ ಕ್ವಾರಿಯ ದಡದಲ್ಲಿ ಆ ಹಾರಗಳನ್ನು ತೆಗೆಯುವಂತಿರಲಿಲ್ಲ. ಹಾರದ ಸಮೇತ ನೀರಿಗಿಳಿಯಬೇಕಂತೆ, ಹೂವು ತಾನಾಗಿ ಬಿಚ್ಚಿ ತೇಲಿ ಗಂಗಮ್ಮನಿಗೆ ಸಲ್ಲಬೇಕಂತೆ. ಫೋಟೋದಲ್ಲಿ ಚೆಂದ ಕಾಣುತ್ತದೆ ಎಂದು ವಿಶ್ವಜಿತ್‌ನೂ ಒಪ್ಪಿದ್ದ. ಹಾರ ಹರಿಯದ ಹಾಗೆ ಅದರ ಸಂದಿಯಲ್ಲಿ ಬೆರಳು ತೂರಿಸಿ ಒಂದೊಂದೇ ವಾಲ್ವು ತಿರುಗಿಸುತ್ತ ಹೋದ. ನಾನು ಪುರಿ ಭಾಜಿಯ ಡಬ್ಬಿ ಕಾಯುತ್ತ ಜಮಖಾನೆಯ ಮೇಲೆ ಕೂತು ಇದನ್ನೆಲ್ಲ ಕಣ್ಣಾರೆ ನೋಡಿದೆ.

ಶಾಮಲಾ ತನ್ನ ಸಿಲಿಂಡರಿನ ಹಾರ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಬಂಡೆಯ ಮೇಲಿಟ್ಟಳು. ವಾಲ್ವು ತಿರುಗಿಸಿ ನೋಡಿದಳು, ಮುಳ್ಳು ನೋಡುತ್ತ ಉಸಿರೆಳೆದಳು. ಸುತ್ತ ಇದ್ದವರು ತಿರುಗಿ ನೋಡಿದರು. ಆಮೇಲೆ ಮಂದಾರಳ ಹಾರಕ್ಕೆ ಕೈ ಹಾಕಿದಳು, ಜೋಡಿಯಲ್ಲವೆ. ಆಗ ವಿಶ್ವಜಿತ್ ನಗುತ್ತಲೇ ಅಡ್ಡ ಬಂದ. ಶಾಮಲಾಳನ್ನು ಹುಡುಗರೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು.

“ಕಾಕು, ನಾ ಎಲ್ಲಾ ನೋಡೀನ್ರಿ. ನನ್ನ ಮ್ಯಾಲೆ ಭರೋಸಾ ಇಲ್ಲೇನ್ರಿ?”

ಪೂಜೆಯಾದ ಮೇಲೆ ಮತ್ತೇನು ಪರೀಕ್ಷೆ ಎಂದು ಹಣಮಂತರಾಯರು ಗೊಣಗಿದರು. ಮನೆಯ ಹುಡುಗನ ಮೇಲೆ ಅಪನಂಬಿಕೆಯೇ ಎಂದು ಯಾರೋ ಹೆಂಗಸು ಲೊಚಗುಟ್ಟಿದಳು. ವೆಂಕಟೇಶರು ನನ್ನ ಪಕ್ಕ ಕೂತು ನೆಲ ನೋಡುತ್ತಿದ್ದರು. ಮಂದಾರ ಎಲ್ಲರ ಮುಖ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು, ಬೇಡ ಕಾಕು, ಸರ್ ನೋಡಿದ್ದಾರಂತೆ ಎಂದಳು. ಶಾಮಲಾ ಕೈ ಹಿಂದೆ ತೆಗೆದುಕೊಂಡಳು. ತಾನೇ ಒಲ್ಲೆ ಎಂದವಳನ್ನು ಎಳೆದಾಡುವುದು ಹೇಗೆ? ಆದರೆ ನೀರಿಗಿಳಿದ ಮೇಲೆ ಆ ಹುಡುಗಿಯ ಬಾಜೂ ಬಿಡಬಾರದೆಂದು ಆಗಲೇ ನಿಶ್ಚಯ ಮಾಡಿಕೊಂಡಳಂತೆ.

ನೀರೊಳಗಿನದನ್ನು ಶಾಮಲಾ ಹೇಳಿದಂತೆ ಹೇಳುತ್ತೇನೆ. ಹಗ್ಗ ಹಿಡಿದು ಇಳಿದರು. ವಿಶ್ವಜಿತ್ ಮುಂದೆ, ಕೈಯಲ್ಲಿ ಕ್ಯಾಮರಾ. ಹಸಿರು ಮಬ್ಬಿನಲ್ಲಿ ಕೈ ಚಾಚಿದಷ್ಟು ದೂರ ಕಾಣುತ್ತಿತ್ತು. ತಳದ ಹತ್ತಿರ ಬಂದಾಗ ಮಂದಾರಳ ಬಾಯಿಂದ ಏಳುತ್ತಿದ್ದ ಗುಳ್ಳೆಗಳು ತೆಳ್ಳಗಾದವು, ಆಮೇಲೆ ನಿಂತವು. ಶಾಮಲಾ ಪಕ್ಕದಲ್ಲೇ ಇದ್ದಳು, ಅವಳ ಎದೆಯ ಮೇಲೆ ಇಂಥ ಹೊತ್ತಿಗೆಂದೇ ಇನ್ನೊಂದು ಬಾಯಿತುಂಡು ನೇತಾಡುತ್ತಿತ್ತು. ಹುಡುಗಿ ಅವಳ ಕಡೆ ತಿರುಗಲಿಲ್ಲ. ವಿಶ್ವಜಿತ್‌ನ ಬೆನ್ನು ಹತ್ತಿ ಮಬ್ಬಿನೊಳಗೆ ಹೋದಳು. ಶಾಮಲಾ ಕಾಲು ಬಡಿದು ಹಿಂದೆ ಧಾವಿಸಿ, ಅವಳ ಪಟ್ಟಿ ಹಿಡಿದೆಳೆದು, ತನ್ನ ಎರಡನೇ ತುಂಡನ್ನು ಅವಳ ಬಾಯಿಗೆ ತುರುಕಿದಳು. ಅಷ್ಟರಲ್ಲಿ ವಿಶ್ವಜಿತ್ ಬೇರೆಯವರ ಫೋಟೋ ತೆಗೆಯಲು ಆಚೆ ಹೋಗಿದ್ದ. ಇಬ್ಬರೂ ಒಂದೇ ಸಿಲಿಂಡರಿನ ಗಾಳಿ ಹಂಚಿಕೊಂಡು, ಒಬ್ಬರ ತೋಳು ಒಬ್ಬರು ಹಿಡಿದು, ಸಾವಕಾಶ ಮೇಲೆ ಬಂದರು.

ದಡಕ್ಕೆ ಬಂದಾಗ ಮಂದಾರಳ ತುಟಿ ನೇರಳೆ ಬಣ್ಣಕ್ಕಿತ್ತು. ಕೆಮ್ಮಿ ಕೆಮ್ಮಿ ನನ್ನ ಮಡಿಲಲ್ಲಿ ಬಿದ್ದಳು. ಶಾಮಲಾ ಅವಳ ಸಿಲಿಂಡರು ಇಳಿಸಿ, ಅದರ ವಾಲ್ವನ್ನು ಎಲ್ಲರೆದುರು ತಿರುಗಿಸಿ ತೋರಿಸಿದಳು. ಅದು ತಿರುಗುತ್ತ ಹೋಯಿತು, ತಿರುಗುತ್ತ ಹೋಯಿತು. ಕೊಂಚವೇ ತೆರೆದಿತ್ತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಹಣಮಂತರಾಯರು ಅದರ ಕಡೆ ನೋಡಲೂ ಇಲ್ಲ. ಬಂಡೆಯ ಮೇಲಿದ್ದ ಶಾಮಲಾಳ ಹಾರ ತೋರಿಸಿ, ಪೂಜೆಯ ಹೂವು ತೆಗೆದದ್ದಕ್ಕೇ ಹೀಗಾಯಿತು ಎಂದರು. ವಿಶ್ವಜಿತ್ ಉಳಿದವರೊಡನೆ ಮೇಲೆ ಬಂದವನೇ, ತನ್ನ ಅಪ್ಪಣೆ ಇಲ್ಲದೆ ಗುಂಪು ಬಿಟ್ಟು ಯಾಕೆ ಬಂದಿರಿ ಎಂದು ಕಾಕುವಿನ ಮೇಲೆ ರೇಗಿದ. ವಾಲ್ವು ಬಂಡೆಗೆ ತಿಕ್ಕಿ ತಾನಾಗಿ ತಿರುಗಿರಬೇಕು ಎಂದ. ಮಂದಾರ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು.

ಆಮೇಲೆ ಬಂದದ್ದೇ ಈ ಮಾಫಿಯ ಅಪ್ಪಣೆ. ವೆಂಕಟೇಶರು ಅದನ್ನು ಹೊತ್ತು ತಂದದ್ದಲ್ಲದೆ, ಒಂದು ಮಾತಿನಲ್ಲಿ ಮುಗಿಯುವುದಿದ್ದರೆ ಕೇಳಿಬಿಡಲಿ, ನಾಳೆ ಅವರ ನಡುವೆಯೇ ಬಾಳಬೇಕು, ನೀವಾದರೂ ಬುದ್ಧಿ ಹೇಳಿ ಎಂದು ನನ್ನನ್ನೇ ಕೇಳಿಕೊಂಡರು. ಹೆಂಡತಿಯ ಕಾರ್ಡಿನ ಆಸೆ ಅವರಿಗೆ ಗೊತ್ತಿತ್ತು, ಅದಕ್ಕೇ ಹೇಳುತ್ತಿದ್ದೇನೆ ಎಂದೂ ಅಂದರು. ನಾನು ಹೇಳಿದ ಬುದ್ಧಿಯನ್ನು ಇಲ್ಲಿ ಬರೆಯುವಂತಿಲ್ಲ.

ಭಾನುವಾರ ಬೆಳಿಗ್ಗೆ ಹಣಮಂತರಾಯರ ನಡುಮನೆಯಲ್ಲಿ ಎಲ್ಲರೂ ಸೇರಿದರು. ಸಿಲಿಂಡರುಗಳಿದ್ದ ಜಾಗದಲ್ಲಿ ಈಗ ಅವಲಕ್ಕಿ ಚೂಡಾ, ಚಹಾ. ರಾಯರು ಸಮಾಧಾನದ ದನಿಯಲ್ಲೇ ಶುರು ಮಾಡಿದರು. ಶಾಮಲಾ ಹಿರಿಯಳು, ತಿಳಿದವಳು, ಆದರೆ ನೀರೊಳಗೆ ಗೈಡೇ ಗುರು, ಗುರುವನ್ನು ಮೀರಿದರೆ ಗುಂಪಿಗೇ ಅಪಾಯ ಎಂದರು. ಎಲ್ಲರೂ ತಮ್ಮ ತಮ್ಮ ಗೇಜು ನೋಡಿಕೊಳ್ಳುತ್ತ ಕೂತರೆ ಇವನೇಕೆ ಬೇಕು ಎಂದು ನಕ್ಕರು. ಸುತ್ತಲಿನವರೂ ನಕ್ಕರು. ವೆಂಕಟೇಶರು ಚೂಡಾದಲ್ಲಿನ ಶೇಂಗಾ ಆರಿಸಿ ತಿನ್ನುತ್ತಿದ್ದರು.

ಶಾಮಲಾ ಚಹಾ ಮುಟ್ಟಿರಲಿಲ್ಲ.

“ಗೈಡ್ ಬ್ಯಾಡ ಅಂತ ನಾ ಅಂದಿಲ್ರಿ, ರಾಯರ,” ಎಂದಳು. “ದಾರಿ ಅಂವ ತೋರಸಲಿ. ಉಸಿರು ನಂದು. ಅದನ್ನ ನಾ ನೋಡ್ಕೋಬೇಕು. ಇರಲಿ, ಮಾಫಿ ಕೇಳ್ತೀನಿ. ಮಂದಾರ ಒಂದು ಮಾತು ಹೇಳಲಿ, ಆವತ್ತು ನೀರಾಗ ತನಗ ಉಸಿರು ಬರಾಕತ್ತಿತ್ತು ಅಂತ. ಈಗ ಇಲ್ಲೇ ಕೇಳ್ತೀನಿ.”

ಎಲ್ಲರೂ ಮಂದಾರಳ ಕಡೆ ತಿರುಗಿದರು. ರಾಯರು, ಹೇಳವ್ವ, ಅಂಜಿಕೆಯಿಂದ ಗಾಬರಿಯಾಯಿತು ಎನ್ನು, ಅದರಲ್ಲಿ ನಾಚಿಕೆ ಏನಿದೆ ಎಂದು ಮಾತನ್ನು ಅವಳ ಬಾಯಿಗೇ ಇಟ್ಟರು. ಹುಡುಗಿ ಬಹಳ ಹೊತ್ತು ಓಢಣಿಯ ತುದಿ ಸುರುಳಿ ಸುತ್ತಿದಳು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು. ಹೂಂ ಎಂದುಬಿಡುತ್ತಾಳೆ, ಈ ಹೂಂ ಎನ್ನುವ ಹುಡುಗಿ, ಎಂದುಕೊಂಡೆ.

“ಉಸಿರು ಬರಾಕತ್ತಿರಲಿಲ್ರಿ,” ಎಂದಳು. “ಒಂಚೂರೂ ಬರಾಕತ್ತಿರಲಿಲ್ಲ. ಕಾಕು ಬಾಜೂಕ ಇದ್ರು. ಆದ್ರ ಏನಾರ ಆದ್ರ ನನ್ನ ಹತ್ರ ಬರ್ರಿ ಅಂತ ಸರ್ ಹೇಳಿದ್ರಲ್ಲ, ಅದಕ್ಕ ಸರ್ ಕಡೆ ಹೋದೆ. ಸರ್ ತಿರುಗಿ ನೋಡಿದ್ರು. ಸರಿ ಐತೇನು ಅಂತ ಕೈ ಮಾಡಿ ಕೇಳಿದ್ರು.” ಅಲ್ಲಿ ನಿಂತಳು. ಹೆಬ್ಬೆರಳು ತೋರುಬೆರಳು ಕೂಡಿಸಿ ಎತ್ತಿ ತೋರಿಸಿದಳು. “ನಾನೂ ಸರಿ ಐತಿ ಅಂದೆ.”

ಎದೆಯಲ್ಲಿ ಗಾಳಿ ಇಲ್ಲದ ಹುಡುಗಿ, ಸಾವು ಕಣ್ಣೆದುರಿಗಿದ್ದಾಗ, ಕೇಳಿದವನು ಹಿರಿಯ ಎಂಬ ಕಾರಣಕ್ಕೆ ಎಲ್ಲ ಸರಿ ಇದೆ ಎಂದು ಕೈ ಮಾಡಿದ್ದಳು. ಇಂಥ ಹುಡುಗಿಯನ್ನು ನಾವೇ ಎಲ್ಲರೂ ಕೂಡಿ ತಯಾರು ಮಾಡಿದ್ದೆವು. ಶಾಮಲಾ ಕಣ್ಣು ಮುಚ್ಚಿಕೊಂಡಳು. ಈ ಮಾತು ಅವಳಿಗೂ ಹೊಸದು.

ಆ ಕ್ಷಣಕ್ಕಾದರೂ ವಿಶ್ವಜಿತ್ ತಲೆ ತಗ್ಗಿಸುತ್ತಾನೆ ಎಂದುಕೊಂಡೆ. ಅವನ ಮುಖ ಅರಳಿತು.

“ನೋಡ್ರಿ ಮತ್ತ. ನಾ ಕೇಳೀನಿ, ಆಕಿ ಸರಿ ಐತಿ ಅಂದಾಳ. ನಂದೇನು ತಪ್ಪು ಹೇಳ್ರಿ?”

ಹೌದಲ್ಲ ಎಂದರು ರಾಯರು. ಹೌದಲ್ಲ ಎಂದರು ಇನ್ನಿಬ್ಬರು. ಹುಡುಗಿಯ ಬಾಯಿಂದಲೇ ಬಂತಲ್ಲ, ಇನ್ನೇನು ಎಂದರು. ನಾನು ಎದ್ದು ನಿಂತು ಏನೇನೋ ಅಂದೆ. ಅವಳ ಹೆಣದ ಕೈಯನ್ನೂ ಹಾಗೇ ಮಡಿಚಿ ಎಲ್ಲ ಸರಿ ಇತ್ತು ಎಂದು ಅವಳಪ್ಪನಿಗೆ ತೋರಿಸುತ್ತಿದ್ದಿರೇನು ಎಂದು ಕೇಳಿದ್ದು ನೆನಪಿದೆ. ನನ್ನ ದನಿಗೆ ಒಳಗಿನಿಂದ ಮನೆಯವರೆಲ್ಲ ಹೊರಬಂದರು. ಶಾಮಲಾ ಮಾತ್ರ ಎದ್ದು, ಮಂದಾರಳ ಹತ್ತಿರ ಹೋಗಿ, ನಡಿ ಎಂದಳು. ಆ ಹುಡುಗಿ ಹಣಮಂತರಾಯರ ಮುಖ ನೋಡದೆ ಎದ್ದು ಬಂದದ್ದು ಬಹುಶಃ ಅದೇ ಮೊದಲು. ಮೂವರೂ ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ವೆಂಕಟೇಶರೂ ಬಂದರು, ಕೈಯಲ್ಲಿ ಇನ್ನೂ ನಾಲ್ಕು ಶೇಂಗಾ.

ಮಾಫಿ ಇಲ್ಲ, ಕಾರ್ಡೂ ಇಲ್ಲ. ನಮ್ಮ ಜನರ ಹಳದಿಕುಂಕುಮಕ್ಕೆ ಶಾಮಲಾಳನ್ನು ಕರೆಯುವುದು ನಿಂತಿತು. ಹತ್ತಿಪ್ಪತ್ತು ವರ್ಷದ ಬಳಕೆ ಇದ್ದವರು ಎದುರಿಗೆ ಸಿಕ್ಕರೆ ಫೋನು ತೆಗೆದು ಕಿವಿಗಿಡುತ್ತಿದ್ದರು. ಅವಳು ಅದನ್ನು ಮೇಲೆ ತೋರಿಸಲಿಲ್ಲ, ಆದರೆ ಸಂಜೆ ಗೋಡೆಯ ಹತ್ತಿರ ಬಂದು ಮಾತಿಲ್ಲದೆ ನಿಲ್ಲುತ್ತಿದ್ದಳು. ವಿಶ್ವಜಿತ್‌ನ ತರಗತಿ ಮಾತ್ರ ಮೊದಲಿಗಿಂತ ಜೋರಾಗಿ ನಡೆದಿದೆ ಎಂದು ಕೇಳಿದೆ. ಅಪಾಯವಾದರೂ ಎಲ್ಲರನ್ನೂ ಸುರಕ್ಷಿತ ತಂದ ಎಂದು ಅವನಿಗೆ ಶಾಲು ಬೇರೆ ಹೊದಿಸಿದರಂತೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೆಲವು ತಿಂಗಳಿಗೆ ಶಾಮಲಾ ಇನ್ನೊಬ್ಬ ಗುರುವನ್ನು ಹುಡುಕಿದಳು, ತೆಲುಗು ಹೆಣ್ಣುಮಗಳು, ಯಾರ ಪೈಕಿಯೂ ಅಲ್ಲ. ಮೊದಲಿನಿಂದ ಎಲ್ಲ ಕಲಿಯಲು ಕೂತಳು, ಜೊತೆಗೆ ಮಂದಾರಳೂ. ಅಲ್ಲಿಯೂ ಒಂದು ದಿನ ಬಿರುಗಾಳಿ ಎದ್ದಿತು. ಮಂದಾರ ಸಾಮಾನು ಕಟ್ಟಿಕೊಂಡು ಗೇಜು ನೋಡದೆ ಕೊಳದ ಮೆಟ್ಟಿಲಿಳಿದಳಂತೆ. ಯಾಕೆ ನೋಡಲಿಲ್ಲ ಎಂದದ್ದಕ್ಕೆ, ನೀವಿದ್ದೀರಲ್ಲ ಕಾಕು, ನನಗೇನು ಭಯ ಎಂದಳಂತೆ. ಹಣಮಂತರಾಯರ ನಡುಮನೆಯಲ್ಲಿ ದನಿ ಏರಿಸದ ಶಾಮಲಾ ಅಲ್ಲಿ ಹರಿಹಾಯ್ದಳು. ನನ್ನನ್ನ ಇನ್ನೊಬ್ಬ ವಿಶ್ವಜಿತ್ ಮಾಡಬ್ಯಾಡ ಎಂದಳು. ಆವತ್ತು ನೀರಿಗಿಳಿಯದೆ ಮನೆಗೆ ಬಂದಳು. ಮಂದಾರ ಮರುದಿನ ಬಂದು ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ತಾಟಿಗೆ ರೊಟ್ಟಿ ಹಾಕಿದೆ.

ಕಾರ್ಡು ಬಂತು, ಇಬ್ಬರಿಗೂ. ಮುಂದಿನ ವರ್ಷದ ಚಳಿಗಾಲದಲ್ಲಿ ಮುರ್ಡೇಶ್ವರಕ್ಕೆ ಹೋದೆವು. ಅಲ್ಲಿ ಯಾರೂ ನಮ್ಮವರಿಲ್ಲ ಎಂದು ವೆಂಕಟೇಶರು ರೈಲಿನಲ್ಲೆಲ್ಲ ಚಡಪಡಿಸಿದರು. ನೇತ್ರಾಣಿ ದ್ವೀಪದ ಕಡೆ ಹೊರಟ ದೋಣಿಯಲ್ಲಿ ನಾನೂ ಹತ್ತಿದೆ, ಹತ್ತಿದ ತಪ್ಪಿಗೆ ಬೆಳಗಿನ ಇಡ್ಲಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದೆ. ದೋಣಿಯ ಗೈಡ್ ಒಳ್ಳೆಯ ಹುಡುಗ. ಎಲ್ಲಿ ಬಂಡೆ, ಎಲ್ಲಿ ಸೆಳವು ಎಂದು ಚೆನ್ನಾಗಿ ತಿಳಿಸಿ ಹೇಳಿದ. ಶಾಮಲಾ ಎಲ್ಲವನ್ನೂ ಮನಸ್ಸಿಟ್ಟು ಕೇಳಿದಳು. ಆಮೇಲೆ ಸಾಮಾನು ಕಟ್ಟಿಕೊಂಡು ದೋಣಿಯ ಅಂಚಿಗೆ ಕೂತಳು. ಇಷ್ಟು ವರ್ಷದ ಆಸೆ, ಇನ್ನು ಹಿಂದಕ್ಕೆ ಬಿದ್ದರೆ ಸಮುದ್ರ. ನೀರು ಅಷ್ಟು ತಿಳಿಯಾಗಿತ್ತು, ಮೀನುಗಳು ನನಗೂ ಕಾಣುತ್ತಿದ್ದವು. ಅವಳ ಮುಖದಲ್ಲಿ ಆ ನಗು ನಾನು ಹಿಂದೆ ನೋಡಿರಲಿಲ್ಲ.

ಮಂದಾರ ಅವಳ ಭುಜ ಹಿಡಿದು ನಿಲ್ಲಿಸಿದಳು. ಗೈಡ್, ಎಲ್ಲ ಚೆಕ್ ಆಗಿದೆ ಮೇಡಂ, ಇಳೀರಿ ಎಂದ. ತಾನು ಇನ್ನೂ ನೋಡಿಲ್ಲ ಎಂದಳು ಮಂದಾರ. ಶಾಮಲಾಳ ಗೇಜು ಕೈಗೆತ್ತಿಕೊಂಡು, ಉಸಿರು ಎಳೆಯಿರಿ ಎಂದಳು. ಶಾಮಲಾ ಎಳೆದಳು. ಹುಡುಗಿಯ ಹುಬ್ಬು ಗಂಟಾಯಿತು.

“ಕಾಕು, ಮುಳ್ಳು ಕುಣಿಯಾಕತ್ತೈತಿ. ಇಳೀಬ್ಯಾಡ್ರಿ.”

ಬೆನ್ನ ಹಿಂದೆ ಕೈ ಹಾಕಿ ವಾಲ್ವು ತಿರುಗಿಸಿದಳು. ಅದು ತಿರುಗುತ್ತ ಹೋದದ್ದನ್ನು ನಾನೂ ಕಂಡೆ. ಮತ್ತೆ ಉಸಿರೆಳೆಸಿದಳು, ಮುಳ್ಳು ನಿಂತಿತು. ಆಮೇಲೆ ತನ್ನದನ್ನು ತಾನು ನೋಡಿಕೊಂಡು, ಶಾಮಲಾಳ ಕೈಗೂ ಕೊಟ್ಟು ನೋಡಿಸಿದಳು. ಇಬ್ಬರೂ ಒಟ್ಟಿಗೆ ಹಿಂದಕ್ಕೆ ಬಿದ್ದರು.

ಅವರು ಕೆಳಗಿದ್ದಷ್ಟು ಹೊತ್ತೂ ನನಗೆ ಒಂದೇ ಯೋಚನೆ. ಕಾರ್ಖಾನೆಯಲ್ಲಿ ಶಾಮಲಾ ಹೊಸಬರನ್ನು ಪರೀಕ್ಷಿಸಲು ಬೇಕೆಂದೇ ಕೆಟ್ಟ ಮಾತ್ರೆ ಬೆರೆಸಿಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಇದೂ ಹಾಗೇ ಇರಬೇಕು ಎಂದು ವೆಂಕಟೇಶರಿಗೆ ಹೇಳಿದೆ. ಇನ್‌ಸ್ಪೆಕ್ಟರ್ ಬಾಯಿ ಅಲ್ಲವೆ, ಸುಮ್ಮನೆ ಬಿಡುತ್ತಾಳೆಯೆ ಎಂದು ಅವರೂ ನಕ್ಕರು.

ಅವಳು ತನ್ನ ಕಾಲಿನಿಂದ ಹೋಗಿ ತನ್ನ ಕಾಲಿನಿಂದ ಬಂದಳು. ಏಣಿ ಹತ್ತಿ, ಕೂದಲ ನೀರು ಹಿಂಡುತ್ತ ನನ್ನ ಪಕ್ಕ ಕೂತಳು. ಏನೇನು ನೋಡಿದೆ ಎಂದು ಕೇಳುವ ಮೊದಲು ನಾನು ಅದನ್ನೇ ಕೇಳಿದೆ, ಬೇಕಂತಲೇ ಮಾಡಿದ್ದೆಯಲ್ಲ, ಆ ಹುಡುಗಿ ನೋಡುತ್ತಾಳೋ ಇಲ್ಲವೋ ಎಂದು?

ಶಾಮಲಾ ದೋಣಿಯ ಆ ತುದಿಯಲ್ಲಿ ಗೈಡ್‌ನ ಜೊತೆ ವಾದ ಮಾಡುತ್ತಿದ್ದ ಮಂದಾರಳನ್ನು ನೋಡಿದಳು. ಚೆಕ್ ಆಗಿದೆ ಅಂತ ಸುಳ್ಳು ಯಾಕೆ ಹೇಳಿದಿರಿ ಎಂದು ಆ ಹೂಂ ಎನ್ನುವ ಹುಡುಗಿ ಅವನನ್ನು ಬಿಡದೆ ಕೇಳುತ್ತಿದ್ದಳು.

“ಇಲ್ಲ ಕುಮುದಾ,” ಎಂದಳು. “ನನ್ನ ಮುಳ್ಳು ನಾ ನೋಡೀನಿ ಅಂತ ನಾನೂ ನಂಬಿದ್ದೆ.”